ಬೆಲುಂ ಗುಹೆಯ "ಹಲ್ಲು"

ಈ ಸಲದ ಮಾತು ಒಂದು ತಪ್ಪೊಪ್ಪಿಗೆ.

ಎರಡು ವಾರದ ಹಿಂದೆ ನಮ್ಮ ಫೋನ್-ಇನ್ ಕಾರ್ಯಕ್ರಮಕ್ಕೆ ಏಳನೇ ಕ್ಲಾಸಿನ ಹುಡುಗನೊಬ್ಬ ಕರೆ ಮಾಡಿದ್ದ. "ಅಕ್ಕಾ, ಬೆಲುಂ ಗುಹೆಗೆ ಹೋಗಿದ್ವಿ. ನನಗೆ ಡೈನೋಸಾರ್ ಹಲ್ಲು ಸಿಕ್ತು!" ಅಂದ. ನಾನೂ ಹಿಗ್ಗಿ, "ಭೇಷ್ ಮರಿ, ಶೋಕೇಸಿನಲ್ಲಿ ಇಟ್ಕೋ" ಅಂತ ಹೇಳಿ ಹಾಡು ಹಾಕಿಬಿಟ್ಟೆ. ಹಾಡು ಮುಗಿಯುವ ಮೊದಲೇ ನಿವೃತ್ತ ಮೇಷ್ಟ್ರೊಬ್ಬರ ಫೋನು: "ಏನಮ್ಮಾ, ಗುಹೆಯಿಂದ ಕಲ್ಲು ಕಿತ್ತು ತರೋದನ್ನ ಮಕ್ಕಳಿಗೆ ನೀವೇ ಕಲಿಸ್ತೀರಾ?"

ನಾನು ಓದಿದ್ದು ಕನ್ನಡ ಬಿ.ಎ. ಕಲ್ಲಿನ ವಿಷಯ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ.

ಬೆಲುಂ ಇರುವುದು ಆಂಧ್ರದ ನಂದ್ಯಾಲ ಜಿಲ್ಲೆಯಲ್ಲಿ. ಅಲ್ಲಿಯ ಸುಣ್ಣದ ಕಲ್ಲಿಗೆ 50 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಡೈನೋಸಾರ್‌ಗಳು ಹುಟ್ಟಿದ್ದು ಸುಮಾರು 23 ಕೋಟಿ ವರ್ಷದ ಹಿಂದೆ. ಅಂದಮೇಲೆ ಆ ಗೋಡೆಯೊಳಗೆ ಡೈನೋಸಾರ್ ಹಲ್ಲು ಇರುವ ಮಾತೇ ಇಲ್ಲ.

ಹಾಗಂತ ಸುಣ್ಣದ ಗುಹೆಗಳಲ್ಲಿ ಮೂಳೆ ಸಿಗುವುದೇ ಇಲ್ಲವೆಂದಲ್ಲ. ಸಿಗುವುದು ಗೋಡೆಯಲ್ಲಲ್ಲ, ನೆಲದ ಮಣ್ಣಿನಲ್ಲಿ. ಬೇತಂಚೆರ್ಲದ ಹತ್ತಿರದ ಬಿಲ್ಲ ಸುರ್ಗಂ ಗುಹೆಗಳನ್ನು 1884-85ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಮತ್ತು ಅವರ ಮಗ ಹೆನ್ರಿ ಅಗೆಸಿದರು. ಸಿಕ್ಕ ಮೂಳೆಗಳನ್ನು ಪರೀಕ್ಷಿಸಿದ ರಿಚರ್ಡ್ ಲಿಡೆಕರ್ 1886ರಲ್ಲಿ ಒಂದು ಘೇಂಡಾಮೃಗಕ್ಕೆ ಕರ್ನೂಲಿನ ಹೆಸರನ್ನೇ ಇಟ್ಟರು. ಯಾವ ಮೂಳೆ ಯಾವ ಪದರದಲ್ಲಿತ್ತು ಎಂದು ತಿಳಿದರೆ ಮಾತ್ರ ಅದರ ಕಾಲ ಹೇಳಬಹುದು. ಶಾಸನ ಓದಿಸುವಾಗ ನಮ್ಮ ಮೇಷ್ಟ್ರೂ ಇದನ್ನೇ ಹೇಳುತ್ತಿದ್ದರು: ಕಲ್ಲು ಎಲ್ಲಿ ನಿಂತಿದೆ ಅನ್ನುವುದೂ ಶಾಸನದ ಒಂದು ಸಾಲೇ.

ಹಾಗಾದರೆ ಹುಡುಗನ ಕೈಲಿದ್ದದ್ದು ಏನು? ಅವನ ಅಮ್ಮನಿಗೆ ಫೋನ್ ಮಾಡಿ, ಮುರಿದ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ ಎಂದೆ. ಮೂಳೆಯಾದರೆ ಒಳಗೆ ಸ್ಪಂಜಿನಂತೆ ಸಣ್ಣ ಸಣ್ಣ ತೂತು ಕಾಣಬೇಕು. ಹಲ್ಲಾದರೆ ಮೇಲೆ ಹೊಳೆಯುವ ಗಟ್ಟಿ ಪದರ ಇರಬೇಕು. ಅವರು ಕಂಡದ್ದು ಈರುಳ್ಳಿಯಂತೆ ಸುತ್ತು ಸುತ್ತು ಬಳೆ, ನಡುವೆ ಒಂದೇ ಕಿರಿದಾದ ತೂತು. ಅದು ನೀರು ಜಿನುಗಿ ಸುಣ್ಣ ಕಟ್ಟಿದ ತೂಗುಗಲ್ಲಿನ ತುದಿ. ಒಂದು ಮಿಲಿಮೀಟರ್ ಬೆಳೆಯಲು ಹತ್ತು ವರ್ಷ ಹಿಡಿದರೂ ಆಶ್ಚರ್ಯವಿಲ್ಲ.

ಇಂಥ ತಪ್ಪು ದೊಡ್ಡವರಿಗೂ ಆಗುತ್ತದೆ. ಮಧ್ಯಪ್ರದೇಶದ ಭೀಮಬೆಟ್ಕಾದ ಮರಳುಗಲ್ಲಿನ ಗುಹೆಯಲ್ಲಿ ಕಂಡ ಒಂದು ಗುರುತನ್ನು ಗ್ರೆಗರಿ ರೆಟಾಲಾಕ್ ಮತ್ತು ಸಂಗಡಿಗರು 2021ರಲ್ಲಿ 55 ಕೋಟಿ ವರ್ಷದ ಹಿಂದಿನ ಡಿಕಿನ್ಸೋನಿಯಾ ಜೀವಿಯ ಪಳೆಯುಳಿಕೆ ಎಂದರು. ಜೋಸೆಫ್ ಮೀರ್ಟ್ ಅವರ ತಂಡ ಹೋಗಿ ನೋಡಿದಾಗ ಅದು ಬಂಡೆಯಿಂದ ಕಳಚಿ ಬರುತ್ತಿತ್ತು. ಅದು ಹಳೆಯ ಜೇನುಗೂಡಿನ ಗುರುತು ಎಂದು 2023ರಲ್ಲಿ ಪ್ರಕಟಿಸಿದರು. ರೆಟಾಲಾಕ್ ಅವರೂ ತಪ್ಪು ಒಪ್ಪಿಕೊಂಡರು. ಗುರುತು ಇದ್ದಲ್ಲೇ ಇದ್ದುದರಿಂದ ತಾನೇ ಇನ್ನೊಬ್ಬರು ಹೋಗಿ ಪರೀಕ್ಷಿಸಲು ಆದದ್ದು?

ಆದ್ದರಿಂದ ಮಿತ್ರರೇ, ರಜೆಯಲ್ಲಿ ಗುಹೆ ನೋಡಲು ಹೋದಾಗ ಮೂಳೆಯಂಥದ್ದು ಕಂಡರೆ ಮುಟ್ಟಬೇಡಿ. ಪಕ್ಕದಲ್ಲಿ ಒಂದು ನಾಣ್ಯವಿಟ್ಟು ಫೋಟೋ ತೆಗೆಯಿರಿ, ಜಾಗ ಬರೆದುಕೊಳ್ಳಿ, ಗುಹೆಯ ಸಿಬ್ಬಂದಿಗೆ ತಿಳಿಸಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ದಕ್ಷಿಣ ವಲಯ ಕಚೇರಿ ನಮ್ಮ ಹೈದರಾಬಾದಿನಲ್ಲೇ ಇದೆ, ಅಲ್ಲಿಗೂ ಬರೆಯಬಹುದು.

ವಿಷಯ ತಿಳಿದ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಅಕ್ಕಾ, ವಾಪಸ್ ಅಂಟಿಸಬಹುದಾ?" ಆಗಲ್ಲ ಪುಟ್ಟಾ ಅಂದೆ. ಕಿತ್ತದ್ದು ಅವನಾದರೂ ಭೇಷ್ ಅಂದದ್ದು ನಾನು. ಅದಕ್ಕೇ ಈ ಮಾತು.