ಸೋಲುತ್ತಿರುವ ತಂಡ ಯಾರನ್ನು ಆರಿಸಬೇಕು?

ಅಂಕಪಟ್ಟಿಯ ತಳದಲ್ಲಿ ಉಳಿದ ತಂಡಕ್ಕೆ ಹೊಸ ಆಟಗಾರರನ್ನು ಆರಿಸುವ ದಿನ ಎರಡು ದಾರಿಗಳಿರುತ್ತವೆ. ಹೆಸರಾಂತ ಆಟಗಾರನೊಬ್ಬನ ಮೇಲೆ ಕೈಯಲ್ಲಿರುವ ಹಣವನ್ನೆಲ್ಲ ಸುರಿಯುವುದು ಒಂದು. ಇನ್ನೂ ಹೆಸರಾಗದ ಎಳೆಯನನ್ನು ಗುರುತಿಸಿ ಬೆಳೆಸುವುದು ಇನ್ನೊಂದು. ಕೋಲಾರ ಸೀಮೆಯ ರೈತರಿಗೆ ಈ ಲೆಕ್ಕ ಹೊಸದಲ್ಲ. ಟೊಮೆಟೊ ನಾಟಿಯಾಗಿ ಎರಡೂವರೆ ಮೂರು ತಿಂಗಳಿಗೆ ಕೊಯ್ಲಿಗೆ ಬರುತ್ತದೆ. ಶ್ರೀನಿವಾಸಪುರದ ತೋಟಗಳಲ್ಲಿ ನೆಟ್ಟ ಕಸಿ ಮಾವು ಫಲಕ್ಕೆ ಬರಲು ನಾಲ್ಕೈದು ವರ್ಷ ಬೇಕು. ಬೇರೂರಿದ ಮೇಲೆ ದಶಕಗಳವರೆಗೂ ಕಾಯಿ ಬಿಡುತ್ತದೆ. ಯಾವುದನ್ನು ಹಾಕಬೇಕೆಂಬುದು ನೆಲ, ನೀರು, ಸಾಲ, ಕಾಯುವ ಶಕ್ತಿ ಇವನ್ನೆಲ್ಲ ನೋಡಿ ತೀರ್ಮಾನವಾಗುತ್ತದೆ. ಆಟಗಾರನ ಆಯ್ಕೆಯೂ ಹಾಗೆಯೇ.

ಈ ಪ್ರಶ್ನೆಗೆ ಅತ್ಯಂತ ವ್ಯವಸ್ಥಿತ ರೂಪ ಕೊಟ್ಟಿರುವುದು ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ. ಅಲ್ಲಿ ಪ್ರತಿವರ್ಷ ನಡೆಯುವ ಡ್ರಾಫ್ಟ್‌ನಲ್ಲಿ ಹೊಸಬರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಹೆಚ್ಚು ಸೋತವರಿಗೆ ಮುಂಚಿನ ಸರದಿ. ಮೊದಲ ಸರದಿಯ ಆಸೆಗೆ ತಂಡಗಳು ಬೇಕೆಂದೇ ಸೋಲಬಾರದೆಂದು 1985ರಲ್ಲಿ ಲಾಟರಿ ಪದ್ಧತಿ ಬಂತು. 2019ರಲ್ಲಿ ನಿಯಮ ಬದಲಾಗಿ, ಕೊನೆಯ ಮೂರು ತಂಡಗಳಿಗೂ ಮೊದಲ ಆಯ್ಕೆ ಸಿಗುವ ಸಾಧ್ಯತೆ ತಲಾ ಶೇಕಡ 14 ಎಂದಾಯಿತು. ಪಂಜಾಬಿನ ಸತ್ನಾಮ್ ಸಿಂಗ್ ಭಾಮರಾ 2015ರಲ್ಲಿ 52ನೆಯವರಾಗಿ ಡಲ್ಲಾಸ್ ತಂಡಕ್ಕೆ ಆಯ್ಕೆಯಾಗಿ, ಈ ಡ್ರಾಫ್ಟ್‌ನಲ್ಲಿ ಹೆಸರು ಪಡೆದ ಮೊದಲ ಭಾರತೀಯರಾದರು.

ಡ್ರಾಫ್ಟ್‌ನ ಇತಿಹಾಸದಲ್ಲಿ ಹೆಚ್ಚು ಚರ್ಚೆಯಾದ ವರ್ಷ 1984. ಹ್ಯೂಸ್ಟನ್ ತಂಡ ಮೊದಲು ಹಕೀಮ್ ಒಲಾಜುವಾನ್ ಅವರನ್ನು ಆರಿಸಿತು. ಎರಡನೆಯ ಸರದಿಯ ಪೋರ್ಟ್‌ಲ್ಯಾಂಡ್ ಬಳಿ ಕ್ಲೈಡ್ ಡ್ರೆಕ್ಸ್ಲರ್ ಎಂಬ ಸಮರ್ಥ ಗಾರ್ಡ್ ಆಗಲೇ ಇದ್ದರು; ಕೊರತೆಯಿದ್ದದ್ದು ಎತ್ತರದ ಸೆಂಟರ್ ಆಟಗಾರನದು. ಆ ಜಾಗ ತುಂಬಲು ಅದು ಸ್ಯಾಮ್ ಬೋವಿ ಅವರನ್ನು ತೆಗೆದುಕೊಂಡಿತು. ಮೂರನೆಯ ಸರದಿಯ ಶಿಕಾಗೊಗೆ, ಡ್ರೆಕ್ಸ್ಲರ್ ಅವರಂತೆಯೇ ಗಾರ್ಡ್ ಆದ ಮೈಕೆಲ್ ಜೋರ್ಡಾನ್ ದಕ್ಕಿದರು. ಬೋವಿ ಅವರ ಆಟ ಕಾಲಿನ ಗಾಯಗಳಿಗೆ ಸಿಕ್ಕಿ ನಲುಗಿತು. ಜೋರ್ಡಾನ್ ಶಿಕಾಗೊಗೆ ಆರು ಪ್ರಶಸ್ತಿ ತಂದುಕೊಟ್ಟರು. ಆದರೆ ಮೊದಲನೆಯದು ಬಂದದ್ದು 1991ರಲ್ಲಿ, ಏಳನೆಯ ವರ್ಷಕ್ಕೆ. ಸಾಮರ್ಥ್ಯದ ಅಂತರ ದೊಡ್ಡದಿದ್ದಾಗ ಖಾಲಿ ಜಾಗದ ಲೆಕ್ಕ ಹಿಂದೆ ಸರಿಯಬೇಕು ಎಂಬುದು ಇಲ್ಲಿನ ಮೊದಲ ಪಾಠ. ಸರಿಯಾದ ಆಯ್ಕೆಗೂ ಕಾಲ ಬೇಕು ಎಂಬುದು ಎರಡನೆಯದು.

ಭಾರತದಲ್ಲಿ ಇದೇ ಪ್ರಶ್ನೆ ಕಣ್ಣಿಗೆ ಕಟ್ಟುವಂತೆ ಕಾಣುವುದು 2014ರಲ್ಲಿ ಶುರುವಾದ ಪ್ರೊ ಕಬಡ್ಡಿ ಲೀಗ್‌ನಲ್ಲಿ. ಇಲ್ಲಿ ಹೆಸರಾದವರು ಹರಾಜಿನಲ್ಲಿ ಬರುತ್ತಾರೆ. ಪ್ರತಿ ತಂಡದ ಖರ್ಚಿಗೂ ಮಿತಿಯಿದೆ. ಹೊಸ ಯುವ ಆಟಗಾರರನ್ನು ಹರಾಜಿನ ಹೊರಗೆ, ಕಡಿಮೆ ವೆಚ್ಚದಲ್ಲಿ ಸೇರಿಸಿಕೊಳ್ಳುವ ದಾರಿಯೂ ಇದೆ.

ಮೊದಲ ಐದು ಆವೃತ್ತಿಗಳಲ್ಲಿ ದಬಂಗ್ ಡೆಲ್ಲಿ ಒಮ್ಮೆಯೂ ಪ್ಲೇ-ಆಫ್ ಮುಟ್ಟಿರಲಿಲ್ಲ. 2018ರ ಆರನೆಯ ಆವೃತ್ತಿಗೆ ಅದು ಹರಿಯಾಣದ 18 ವರ್ಷದ ನವೀನ್ ಕುಮಾರ್ ಅವರನ್ನು ಹೊಸ ಯುವ ಆಟಗಾರರ ಪಟ್ಟಿಯಿಂದ ಸೇರಿಸಿಕೊಂಡಿತು. ಆ ವರ್ಷವೇ ಅವರು 170ಕ್ಕೂ ಹೆಚ್ಚು ರೈಡಿಂಗ್ ಅಂಕ ಗಳಿಸಿದರು, ತಂಡ ಪ್ಲೇ-ಆಫ್‌ಗೆ ಬಂತು. ಮರುವರ್ಷ ಅವರ ಅಂಕ 300ರ ಆಸುಪಾಸಿಗೆ ಏರಿತು, ತಂಡ ಫೈನಲ್ ತಲುಪಿತು. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ, 2022ರ ಫೆಬ್ರುವರಿ 25ರಂದು, ಪಟ್ನಾ ಪೈರೇಟ್ಸ್ ವಿರುದ್ಧ 37-36ರಲ್ಲಿ ಗೆದ್ದ ಡೆಲ್ಲಿ ಮೊದಲ ಬಾರಿ ಚಾಂಪಿಯನ್ ಆಯಿತು. ಆ ಆವೃತ್ತಿಯಲ್ಲಿ ನವೀನ್ ಗಾಯಗೊಂಡು ಕೆಲವು ಪಂದ್ಯ ತಪ್ಪಿಸಿಕೊಂಡಿದ್ದರು. ಆಗ ತಂಡ ಕುಸಿಯದಂತೆ ಹಿಡಿದದ್ದು ವಿಜಯ್ ಮಲಿಕ್, ಜೋಗಿಂದರ್ ನರ್ವಾಲ್, ಮಂಜೀತ್ ಚಿಲ್ಲರ್ ಅವರಂಥ ಅನುಭವಿಗಳು. ಎಳೆಯ ಸಸಿಗೆ ಊರುಗೋಲು ನೆಟ್ಟಂತೆ ಹಿರಿಯರ ಆಸರೆಯಿದ್ದುದರಿಂದಲೇ ಆ ಆಯ್ಕೆ ಫಲಿಸಿತು.

ಬೆಂಗಳೂರು ಬುಲ್ಸ್‌ನ ಕಥೆ ಇನ್ನೊಂದು ಬಗೆಯದು. ಐದನೆಯ ಆವೃತ್ತಿಯಲ್ಲಿ ಪ್ಲೇ-ಆಫ್ ತಪ್ಪಿಸಿಕೊಂಡ ತಂಡ, ಮೊದಲು ತನ್ನಲ್ಲೇ ಆಡಿ ಗುಜರಾತ್‌ಗೆ ಹೋಗಿದ್ದ ಪವನ್ ಸೆಹ್ರಾವತ್ ಅವರನ್ನು 2018ರಲ್ಲಿ 52.8 ಲಕ್ಷ ರೂಪಾಯಿಗೆ ಮರಳಿ ಕರೆತಂದಿತು. ಗುಜರಾತ್‌ನಲ್ಲಿ ಅವರಿಗೆ ಹೆಚ್ಚು ಅವಕಾಶ ಸಿಕ್ಕಿರಲಿಲ್ಲ. ಅವರ ಆಟವನ್ನು ಹತ್ತಿರದಿಂದ ಕಂಡಿದ್ದ ತಂಡ ಅಂಕಗಳಾಚೆಯ ಸಾಮರ್ಥ್ಯವನ್ನು ನಂಬಿತು. 2019ರ ಜನವರಿ 5ರ ಫೈನಲ್‌ನಲ್ಲಿ ಪವನ್ ಒಬ್ಬರೇ 22 ಅಂಕ ತಂದರು; ಬುಲ್ಸ್ ಅದೇ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿತು.

ಇದೇ ಪವನ್ ಅವರನ್ನು 2023ರಲ್ಲಿ ತೆಲುಗು ಟೈಟನ್ಸ್ 2.605 ಕೋಟಿ ರೂಪಾಯಿಗೆ ಕೊಂಡಿತು.  ಆಗ ತಂಡದ ಖರ್ಚಿನ ಮಿತಿ 5 ಕೋಟಿ ಇತ್ತು. ಅದರ ಅರ್ಧಕ್ಕೂ ಹೆಚ್ಚು ಒಬ್ಬರಿಗೇ ಹೋಯಿತು. ಪವನ್ ಎಂದಿನಂತೆ ಅಂಕ ಗಳಿಸಿದರೂ ಎದುರಾಳಿ ರೈಡರ್‌ಗಳನ್ನು ಹಿಡಿದು ನಿಲ್ಲಿಸುವ ಗಟ್ಟಿ ರಕ್ಷಣೆ ಇರಲಿಲ್ಲ. 22 ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದು ಟೈಟನ್ಸ್ ಕೊನೆಯ ಸ್ಥಾನದಲ್ಲಿ ಉಳಿಯಿತು. 2024ರಲ್ಲಿ ಬುಲ್ಸ್ ಕೂಡ ಹೆಸರಾಂತ ಪರ್ದೀಪ್ ನರ್ವಾಲ್ ಅವರನ್ನು 70 ಲಕ್ಷಕ್ಕೆ ಕೊಂಡು ತಳ ಸೇರಿತು. ಮರುವರ್ಷ ಕರ್ನಾಟಕದವರೇ ಆದ ಅರ್ಜುನ ಪ್ರಶಸ್ತಿ ಪುರಸ್ಕೃತ ಬಿ.ಸಿ. ರಮೇಶ್ ಕೋಚ್ ಆಗಿ ಬಂದರು. ಇರಾನಿನ ಅಲಿರೇಜಾ ಮಿರ್ಜಾಯಿಯನ್ ಪ್ರಮುಖ ರೈಡರ್ ಆದರು. ತಂಡ ಪ್ಲೇ-ಆಫ್‌ಗೆ ಏರಿತು.

ಎರಡು ಆಟಗಳ ನಡುವೆ ಒಂದು ವ್ಯತ್ಯಾಸವಿದೆ. ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ತಂಡಕ್ಕೆ ಐವರು, ಮತ್ತು ಅದೇ ಐವರು ದಾಳಿಯನ್ನೂ ರಕ್ಷಣೆಯನ್ನೂ ಮಾಡುತ್ತಾರೆ. ಹಾಗಾಗಿ ಒಬ್ಬ ಅಸಾಧಾರಣ ಆಟಗಾರನ ತೂಕ ಹೆಚ್ಚು. ಕಬಡ್ಡಿಯಲ್ಲಿ ಏಳು ಮಂದಿ. ರೈಡರ್ ಎಷ್ಟೇ ಚುರುಕಾಗಿದ್ದರೂ ಔಟಾಗಿ ಹೊರಗೆ ಕೂತರೆ, ಅವನನ್ನು ಮತ್ತೆ ಒಳಗೆ ತರಲು ಉಳಿದವರು ಅಂಕ ಗಳಿಸಲೇಬೇಕು. ರಕ್ಷಣೆ ದುರ್ಬಲವಾದರೆ ಅವನು ಬೆಂಚಿನಲ್ಲೇ ಹೆಚ್ಚು ಹೊತ್ತು ಕಳೆಯುತ್ತಾನೆ.

ಹಾಗಾದರೆ ಸೋಲುತ್ತಿರುವ ತಂಡ ನೋಡಬೇಕಾದದ್ದು ನಾಲ್ಕು. ಮೊದಲನೆಯದು ವಯಸ್ಸು: ತಂಡ ಗೆಲ್ಲಲು ಸಿದ್ಧವಾಗುವ ಹೊತ್ತಿಗೆ ಆಟಗಾರ ತನ್ನ ಉತ್ತಮ ವರ್ಷಗಳಲ್ಲಿರಬೇಕು. ಎರಡನೆಯದು ದೇಹಸ್ಥಿತಿ, ಮುಖ್ಯವಾಗಿ ಮಂಡಿ ಮತ್ತು ಪಾದದ ಹಳೆಯ ಗಾಯಗಳು. ಮೂರನೆಯದು ಸಾಮರ್ಥ್ಯ: ಒಬ್ಬ ಉಳಿದವರಿಗಿಂತ ಸ್ಪಷ್ಟವಾಗಿ ಮುಂದಿದ್ದರೆ ಅವನೇ ಸರಿ, ಇಬ್ಬರು ಸಮನಾಗಿದ್ದರೆ ಮಾತ್ರ ಕೊರತೆ ತುಂಬುವವನು. ನಾಲ್ಕನೆಯದು ಉಳಿಯುವ ಹಣ: ಒಬ್ಬನನ್ನು ಕೊಂಡ ಮೇಲೆ ಉಳಿದ ಜಾಗಗಳಿಗೆ ಸಾಕಷ್ಟು ಇದೆಯೇ ಎಂಬುದು.

ಹೋಬಳಿ, ತಾಲ್ಲೂಕು, ಜಿಲ್ಲಾ ಮಟ್ಟದ ಶಾಲಾ ಕ್ರೀಡಾಕೂಟಗಳಿಗೆ ತಂಡ ಕಟ್ಟುವ ದೈಹಿಕ ಶಿಕ್ಷಕರ ಕೈಯಲ್ಲಿ ಹಣವಿಲ್ಲ, ಹರಾಜೂ ಇಲ್ಲ. ಆದರೆ ಮೊದಲ ಮೂರು ಮಾತು ಅಲ್ಲಿಗೂ ಅನ್ವಯಿಸುತ್ತವೆ. ಈ ವರ್ಷದ ಕಪ್ಪಿಗಾಗಿ ಹತ್ತನೆಯ ತರಗತಿಯವರನ್ನಷ್ಟೇ ಇಳಿಸಿದ ಶಾಲೆ ಮರುವರ್ಷ ಬರಿಗೈಯಾಗುತ್ತದೆ. ಎಂಟನೆಯ ತರಗತಿಯ ಇಬ್ಬರನ್ನು ಹಿರಿಯರ ಜೊತೆ ಆಡಿಸಿದ ಶಾಲೆಗೆ ಮುಂದಿನ ಎರಡು ವರ್ಷಗಳ ತಂಡ ಆಗಲೇ ಅರ್ಧ ಸಿದ್ಧವಾಗಿರುತ್ತದೆ.