ಬೆಣ್ಣೆಗೆ ಬಂದ ಅಪ್ಪಣೆ



ಜರ್ಮನಿಯ ಕ್ರಿಸ್‌ಮಸ್ ಹಬ್ಬಕ್ಕೆ ‘ಸ್ಟೊಲ್ಲೆನ್’ ಎಂಬ ಸಿಹಿರೊಟ್ಟಿ ಮೀಸಲು. ಹುದುಗು ಬರಿಸಿದ ಗೋಧಿಹಿಟ್ಟಿಗೆ ಬೆಣ್ಣೆ, ಒಣದ್ರಾಕ್ಷಿ, ಬಾದಾಮಿ, ಪಾಕದಲ್ಲಿ ಬೆಂದ ಕಿತ್ತಳೆಸಿಪ್ಪೆಗಳನ್ನು ಕಲಸಿ ಬೇಯಿಸಿ, ಮೇಲೆ ಸಕ್ಕರೆಪುಡಿಯನ್ನು ದಟ್ಟವಾಗಿ ಉದುರಿಸುತ್ತಾರೆ. ಬಿಳಿಯ ಬಟ್ಟೆಯಲ್ಲಿ ಸುತ್ತಿದ ಶಿಶುಕ್ರಿಸ್ತನ ಆಕಾರ ಅದರದೆಂದು ಹೇಳುವುದುಂಟು. ಇಂದು ಬೆಣ್ಣೆಯೇ ಅದರ ಜೀವ. ಆದರೆ ಮೊದಲಲ್ಲಿ ಅದರೊಳಗೆ ಬೆಣ್ಣೆ ಇರಲಿಲ್ಲ; ಇರಕೂಡದೆಂಬ ಕಟ್ಟಳೆಯಿತ್ತು.

ಕ್ರಿಸ್‌ಮಸ್‌ಗೆ ಮುಂಚಿನ ವಾರಗಳು ಅಂದಿನ ಯೂರೋಪಿನಲ್ಲಿ ಉಪವಾಸದ ಕಾಲ. ಹಾಲು ಬೆಣ್ಣೆ ನಿಷಿದ್ಧ. ರೋಮಿನವರಿಗೆ ಇದು ಕಷ್ಟವಾಗಿರಲಿಲ್ಲ, ಅವರ ನೆಲದಲ್ಲಿ ಆಲಿವ್ ಮರಗಳಿದ್ದುವು. ಹಿಮ ಬೀಳುವ ಸ್ಯಾಕ್ಸನಿಯಲ್ಲಿ ಆಲಿವ್ ಬೆಳೆಯದು. ಅಲ್ಲಿ ಒಳ್ಳೆಯ ಎಣ್ಣೆ ದುಬಾರಿ, ಬೆಣ್ಣೆ ಮನೆಯದು. ಅಲ್ಲಿಯ ಅರಸರು ಪೋಪರಲ್ಲಿ ಬಿನ್ನವಿಸಿಕೊಂಡರು. ಕೊನೆಗೆ 1491ರಲ್ಲಿ ಎಂಟನೆಯ ಇನೊಸೆಂಟ್ ಪೋಪರು ಅಪ್ಪಣೆಯಿತ್ತರು. ‘ಬೆಣ್ಣೆಯ ಓಲೆ’ ಎಂದೇ ಅದು ಪ್ರಸಿದ್ಧ. ಬೆಣ್ಣೆ ಬಳಸುವವರು ಚರ್ಚಿಗೆ ಹಣ ಸಲ್ಲಿಸಬೇಕಿತ್ತು. ನಮ್ಮ ‘ತಪ್ಪುಕಾಣಿಕೆ’ಯನ್ನು ನೆನಪಿಸುವ ಏರ್ಪಾಡು.

ಈ ಕಥೆ ನಮ್ಮ ನೆಲಕ್ಕೆ ದೂರದ್ದಲ್ಲ. ನಾನಿರುವ ಮುತ್ತಿನಕೊಪ್ಪದ ಸುತ್ತ, ನರಸಿಂಹರಾಜಪುರದ ಕಡೆ, ಕೇರಳದಿಂದ ಬಂದು ನೆಲೆಸಿದ ಸಿರಿಯನ್ ಕ್ರೈಸ್ತ ಕುಟುಂಬಗಳು ಬಹಳ. ಕ್ರಿಸ್‌ಮಸ್‌ಗೆ ಮುನ್ನ ಅವರದು ಇಪ್ಪತ್ತೈದು ದಿನಗಳ ‘ನೋಂಬು’. ನಿಷ್ಠೆಯುಳ್ಳವರು ಮಾಂಸ, ಮೀನು, ಮೊಟ್ಟೆ, ಹಾಲುಗಳನ್ನು ಮುಟ್ಟುವುದಿಲ್ಲ. ನೋಂಬು ಮಲಯಾಳದ ಮಾತು. ಹಳಗನ್ನಡದ ‘ನೋಂಪಿ’ ಅದರ ಒಡಹುಟ್ಟು. ನಮ್ಮ ಜೈನಕವಿಗಳು ನೋಂಪಿಯ ಕಥೆಗಳನ್ನು ಬರೆದರು. ಅದೇ ನರಸಿಂಹರಾಜಪುರದಲ್ಲಿ ಸಿಂಹನಗದ್ದೆಯ ಬಸದಿಯೂ ಇದೆ. ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ತರಕಾರಿ, ಒಂದು ತಿಂಗಳು ಮೊಸರು, ಒಂದು ತಿಂಗಳು ಹಾಲು ಬಿಡುವ ಮನೆಗಳೂ ನಮ್ಮಲ್ಲಿವೆ. ಬಿಟ್ಟ ಪದಾರ್ಥ ಎಲೆಗೆ ಮರಳಿದ ದಿನ ಅದಕ್ಕಿರುವ ರುಚಿಯನ್ನು ಈ ಮೂವರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮಾಡುವ ಕ್ರಮ. ಡ್ರೆಸ್ಡೆನ್ ನಗರದ ಇಂದಿನ ನಿಯಮದಂತೆ 100 ಪಾಲು ಹಿಟ್ಟಿಗೆ ಕಡಮೆಯೆಂದರೆ 50 ಪಾಲು ಬೆಣ್ಣೆ, 65 ಪಾಲು ಒಣದ್ರಾಕ್ಷಿ, 20 ಪಾಲು ಪಾಕದ ಸಿಪ್ಪೆ, 15 ಪಾಲು ಬಾದಾಮಿ ಇರಲೇಬೇಕು. ಒಮ್ಮೆ ನಿಷೇಧವಾಗಿದ್ದುದು ಈಗ ವಿಧಿಯಾಗಿದೆ! ಇಷ್ಟು ಜಿಡ್ಡಿನಲ್ಲಿ ಯೀಸ್ಟ್ ನಿಧಾನವಾಗುವುದರಿಂದ, ಮೊದಲು ಸ್ವಲ್ಪ ಹಿಟ್ಟನ್ನು ಬೆಚ್ಚನೆಯ ಹಾಲಿನಲ್ಲಿ ಕಲಸಿ ಹುದುಗಿಸಬೇಕು, ಬೆಣ್ಣೆ ಆಮೇಲೆ. ದ್ರಾಕ್ಷಿಯನ್ನು ಹಿಂದಿನ ರಾತ್ರಿಯೇ ರಮ್‌ನಲ್ಲಿ ನೆನೆಸುತ್ತಾರೆ. ನಮ್ಮ ಮನೆಯಲ್ಲಿ ಕಿತ್ತಳೆರಸ ಸಾಕಾಯಿತು. ಪಾಕಕ್ಕೆ ಹೇರಳೆಕಾಯಿಯ ಸಿಪ್ಪೆ, ಪರಿಮಳಕ್ಕೆ ತೋಟದ ಏಲಕ್ಕಿ. ಹಣ್ಣುಗಳನ್ನು ಕಡೆಯಲ್ಲಿ ಸೇರಿಸಿದರೆ ಹಿಟ್ಟು ಹರಿಯುವುದಿಲ್ಲ. ದಪ್ಪ ತಳದ ಪಾತ್ರೆಯಲ್ಲಿ ಮರಳು ಹರಡಿ, ಮುಚ್ಚಳದ ಮೇಲೂ ಕೆಂಡವಿಟ್ಟು ಸುಮಾರು ಒಂದು ಗಂಟೆ ಬೇಯಿಸಿದೆವು. ಬಿಸಿಯಿರುವಾಗಲೇ ಕರಗಿದ ಬೆಣ್ಣೆ ಸವರಿ ಸಕ್ಕರೆ ಮುಚ್ಚಬೇಕು.

ಮುಖ್ಯವಾದ ಮಾತು ಮುಂದಿದೆ. ಅದನ್ನು ಅಂದೇ ತಿನ್ನುವಂತಿಲ್ಲ. ಬಿಗಿಯಾಗಿ ಸುತ್ತಿ ತಂಪಾದೆಡೆ ಎರಡು ಮೂರು ವಾರ ಇಡಬೇಕು. ಹಣ್ಣಿನ ತೇವ ಮೆಲ್ಲನೆ ಹಿಟ್ಟಿಗಿಳಿದು ರೊಟ್ಟಿ ಮಾಗುತ್ತದೆ. ಬೆಣ್ಣೆಗೆ ಅಪ್ಪಣೆ ದೊರೆತು ಐದು ಶತಮಾನಗಳು ಕಳೆದುವು. ಕಾಯುವುದಕ್ಕೆ ಮಾತ್ರ ವಿನಾಯಿತಿ ಸಿಗಲಿಲ್ಲ. ನೋಂಪಿಯ ದಿನಗಳಲ್ಲಿ ಬೇಯಿಸಿಟ್ಟು, ನೋಂಪಿ ಮುಗಿದ ಮೇಲೆ ಕೊಯ್ದು ನೆರೆಹೊರೆಗೆ ಹಂಚುವ ರೊಟ್ಟಿ ಇದು.