ಒಂದು ಹೋಳು ಬ್ರೆಡ್ಡಿನಲ್ಲಿ ಏನು ಉಳಿದಿದೆ?



ನಮ್ಮ ಕಡೆ ಬಹುಕಾಲ ಬ್ರೆಡ್ ಎಂದರೆ ಜ್ವರ ಬಂದವರ ಆಹಾರ. ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗುವವರ ಕೈಯಲ್ಲಿ ಬ್ರೆಡ್ಡಿನ ಪೊಟ್ಟಣವೋ ಮೂಸಂಬಿಯೋ ಇರುತ್ತಿತ್ತು. ಈಗ ಅದು ದಿನನಿತ್ಯದ ತಿಂಡಿಯಾಗಿದೆ. ಶಾಲೆಗೆ ಹೋಗುವ ಮಕ್ಕಳ ಡಬ್ಬಿಯಲ್ಲಿ, ಹಾಸ್ಟೆಲ್ಲಿನ ಬೆಳಗಿನ ತಟ್ಟೆಯಲ್ಲಿ, ಸಕ್ಕರೆ ಕಾಯಿಲೆಯವರ ಅಡುಗೆಮನೆಯಲ್ಲಿ ಬ್ರೆಡ್ ಇದೆ. ಅಪರೂಪಕ್ಕೆ ತಿನ್ನುವ ಪದಾರ್ಥದಲ್ಲಿ ಏನಿದೆ ಎಂದು ಯಾರೂ ಕೇಳಬೇಕಿಲ್ಲ. ದಿನವೂ ತಿನ್ನುವುದಾದರೆ ಕೇಳಲೇಬೇಕು.

ಮೊದಲು ಕಾಳನ್ನು ನೋಡೋಣ. ಗೋಧಿ ಕಾಳಿನ ತೂಕದಲ್ಲಿ ಸುಮಾರು ಶೇ 83ರಷ್ಟು ಒಳಗಿನ ಬಿಳಿ ತಿರುಳು. ಅದರ ಸುತ್ತ ಶೇ 14ರಷ್ಟು ಹೊರಪದರ, ಅಂದರೆ ನಾವು ದನಕ್ಕೆ ಹಾಕುವ ಬೂಸಾ. ಒಂದು ತುದಿಯಲ್ಲಿ ಶೇ 2ರಿಂದ 3ರಷ್ಟು ಮಾತ್ರ ಇರುವ ಭ್ರೂಣ, ಮೊಳಕೆ ಒಡೆಯುವ ಜಾಗ. ತಿರುಳಿನಲ್ಲಿ ಪಿಷ್ಟ ಮತ್ತು ಪ್ರೋಟೀನು. ನಾರು, ಕಬ್ಬಿಣ, ಸತು, ಮೆಗ್ನೀಶಿಯಂ, ಬಿ ಗುಂಪಿನ ವಿಟಮಿನ್ನುಗಳು ಬಹುಪಾಲು ಆ ಹೊರಪದರದಲ್ಲಿ ಮತ್ತು ಭ್ರೂಣದಲ್ಲಿ. ಭ್ರೂಣದಲ್ಲಿ ಎಣ್ಣೆಯ ಅಂಶವೂ ಇರುವುದರಿಂದ ಇಡೀ ಕಾಳಿನ ಹಿಟ್ಟು ಬೇಗ ಮುಗ್ಗಲು ಹಿಡಿಯುತ್ತದೆ. ಬೀಸುಕಲ್ಲಿನ ಕಾಲದಲ್ಲಿ ಇದೊಂದು ಸಮಸ್ಯೆಯೇ ಅಲ್ಲ, ಬೇಕಾದಷ್ಟು ಬೀಸಿ ಬೇಕಾದಾಗ ಬಳಸುತ್ತಿದ್ದರು. 19ನೇ ಶತಮಾನದ ಉತ್ತರಾರ್ಧದಲ್ಲಿ ಬುಡಾಪೆಸ್ಟಿನಂಥ ಊರುಗಳಲ್ಲಿ ಉರುಳೆ ಗಿರಣಿಗಳು ಬೆಳೆದವು. ಅವು ತಿರುಳನ್ನು ಚೊಕ್ಕವಾಗಿ ಬೇರ್ಪಡಿಸಿದವು, ಹಿಟ್ಟು ತಿಂಗಳುಗಟ್ಟಲೆ ಕೆಡದೆ ಹಡಗಿನಲ್ಲಿ ದೂರ ಹೋಗುವಂತಾಯಿತು. ಒಂದು ಕಾಲಕ್ಕೆ ಸಿರಿವಂತರ ಮನೆಯದಾಗಿದ್ದ ಬಿಳಿ ಬ್ರೆಡ್ ಹೀಗೆ ಎಲ್ಲರದಾಯಿತು.

ಬೆಲೆ ತೆತ್ತದ್ದು ಎಲ್ಲಿ ಎಂಬುದನ್ನು ಅಂಕಿಗಳು ಹೇಳುತ್ತವೆ. 100 ಗ್ರಾಂ ಇಡೀ ಗೋಧಿ ಹಿಟ್ಟಿನಲ್ಲಿ ಮೆಗ್ನೀಶಿಯಂ ಸುಮಾರು 137 ಮಿಲಿಗ್ರಾಂ, ಮೈದಾದಲ್ಲಿ ಸುಮಾರು 22. ಕಬ್ಬಿಣ ಮೂರೂವರೆಯಿಂದ ಒಂದೂಕಾಲು ಮಿಲಿಗ್ರಾಮಿಗೆ ಇಳಿಯುತ್ತದೆ. ನಾರು ನಾಲ್ಕರಲ್ಲಿ ಒಂದು ಪಾಲಷ್ಟೇ ಉಳಿಯುತ್ತದೆ. ಕ್ಯಾಲೊರಿ ಮಾತ್ರ ಹೆಚ್ಚುಕಡಿಮೆ ಅಷ್ಟೇ. 100 ಗ್ರಾಂ ಬಿಳಿ ಬ್ರೆಡ್ಡಿನಲ್ಲಿ 265ರ ಆಸುಪಾಸು, ಇಡೀ ಗೋಧಿ ಬ್ರೆಡ್ಡಿನಲ್ಲಿ 250ರ ಆಸುಪಾಸು. ತೂಕ ಇಳಿಸಿಕೊಳ್ಳಲೆಂದೇ ಬ್ರೆಡ್ಡಿನ ಬಣ್ಣ ಬದಲಿಸಿದವರು ಈ ಎರಡು ಸಂಖ್ಯೆಗಳನ್ನು ನೆನಪಿಡಬೇಕು.

ಇಷ್ಟು ಕೇಳಿದವರಿಗೆ ತೀರ್ಪು ಸುಲಭ ಅನ್ನಿಸುತ್ತದೆ: ಕಂದು ಒಳ್ಳೆಯದು, ಬಿಳಿ ಕೆಟ್ಟದ್ದು. ಇಬ್ಬರು ಬ್ರಿಟಿಷ್ ವಿಜ್ಞಾನಿಗಳ ಕೆಲಸ ಈ ಸುಲಭದ ತೀರ್ಪನ್ನು ಅಲುಗಾಡಿಸಿತು. ಇವತ್ತು ನಾನು ಹೆಚ್ಚು ಹೊತ್ತು ಹೇಳಬೇಕೆಂದಿರುವುದು ಅವರ ಕಥೆಯನ್ನೇ. ರಾಬರ್ಟ್ ಮೆಕಾನ್ಸ್ ಮತ್ತು ಎಲ್ಸಿ ವಿಡೊಸನ್ 1933ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯ ಅಡುಗೆಮನೆಯಲ್ಲಿ ಭೇಟಿಯಾದರು. 1940ರಲ್ಲಿ ಅವರು ಪ್ರಕಟಿಸಿದ ಆಹಾರಗಳ ಪೌಷ್ಟಿಕಾಂಶ ಕೋಷ್ಟಕದ ಪರಿಷ್ಕೃತ ರೂಪಗಳನ್ನು ಬ್ರಿಟನ್ನಿನಲ್ಲಿ ಇಂದಿಗೂ ಬಳಸುತ್ತಾರೆ.

ಎರಡನೇ ಮಹಾಯುದ್ಧ ಶುರುವಾದಾಗ ಅವರು ತಮ್ಮ ಮೇಲೆಯೇ ಪ್ರಯೋಗಕ್ಕಿಳಿದರು. ವಾರಕ್ಕೊಂದು ಮೊಟ್ಟೆ, ಚೂರು ಮಾಂಸ, ದಿನಕ್ಕೆ ಒಂದಿಷ್ಟು ಹಾಲು; ಆಮೇಲೆ ಹೊಟ್ಟೆ ತುಂಬುವಷ್ಟು ಕಂದು ಬ್ರೆಡ್, ಆಲೂಗಡ್ಡೆ, ತರಕಾರಿ. ಕೆಲ ತಿಂಗಳು ಹೀಗೆ ತಿಂದು, ಚಳಿಗಾಲದಲ್ಲಿ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟಿಗೆ ಹೋಗಿ ಬೆಟ್ಟ ಹತ್ತಿದರು. ಶಕ್ತಿ ಕುಂದಿರಲಿಲ್ಲ. ಆದರೆ ಒಂದು ಕೊರತೆ ಕಂಡಿತು: ಕ್ಯಾಲ್ಸಿಯಂ. ಕಂದು ಬ್ರೆಡ್ಡಿನಲ್ಲಿ ಬಿಳಿಯದಕ್ಕಿಂತ ಹೆಚ್ಚು ಕ್ಯಾಲ್ಸಿಯಂ ಇದ್ದರೂ ದೇಹ ಅದನ್ನು ಕಡಿಮೆ ಹೀರಿಕೊಳ್ಳುತ್ತಿತ್ತು. ಹೊರಪದರದಲ್ಲಿರುವ ಫೈಟಿಕ್ ಆಮ್ಲ ಖನಿಜಗಳನ್ನು ಹಿಡಿದಿಟ್ಟು ಕರುಳಿಗೆ ಸಿಗದಂತೆ ಮಾಡುತ್ತದೆ. ಪೌಷ್ಟಿಕಾಂಶದ ಪಟ್ಟಿಯಲ್ಲಿ ಬರೆದಿರುವುದು ಬೇರೆ, ಮೈಗೆ ಹತ್ತುವುದು ಬೇರೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಕೆಲಸ ಕಡಿಮೆ.

ಅದೇ ಹೊತ್ತಿಗೆ ಜರ್ಮನ್ ಜಲಾಂತರ್ಗಾಮಿಗಳು ಗೋಧಿ ತರುವ ಹಡಗುಗಳನ್ನು ಮುಳುಗಿಸುತ್ತಿದ್ದವು. ಕಾಳಿನ ಶೇ 85 ಭಾಗವನ್ನು ಹಿಟ್ಟಿನಲ್ಲೇ ಉಳಿಸಿಕೊಂಡರೆ ಕಡಿಮೆ ಗೋಧಿ ಸಾಕಾಗಿ ಹಡಗಿನ ಜಾಗ ಉಳಿಯುತ್ತದೆ. 1942ರಲ್ಲಿ ಬ್ರಿಟಿಷ್ ಸರ್ಕಾರ ಬಿಳಿ ಬ್ರೆಡ್ಡನ್ನು ನಿಲ್ಲಿಸಿ ‘ನ್ಯಾಷನಲ್ ಲೋಫ್’ ಎಂಬ ಮಾಸಲು ಬಣ್ಣದ ಬ್ರೆಡ್ಡನ್ನು ಇಡೀ ದೇಶಕ್ಕೆ ಕೊಟ್ಟಿತು. ಜನರಿಗೆ ಅದು ಇಷ್ಟವಾಗಲಿಲ್ಲ, ಆದರೂ ತಿಂದರು. ಕ್ಯಾಲ್ಸಿಯಂ ಕೊರತೆ ತುಂಬಲು ಹಿಟ್ಟಿಗೆ ಸೀಮೆಸುಣ್ಣದ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿದರು. ಆ ದೇಶದ ಮೈದಾಕ್ಕೆ ಇವತ್ತಿಗೂ ಕಾನೂನಿನ ಪ್ರಕಾರ ಕ್ಯಾಲ್ಸಿಯಂ, ಕಬ್ಬಿಣ ಮತ್ತು ಬಿ ಗುಂಪಿನ ವಿಟಮಿನ್ನುಗಳನ್ನು ಸೇರಿಸುತ್ತಾರೆ.

ಯುದ್ಧ ಮುಗಿದ ಮೇಲೆ, ಸೋತು ಹಸಿದಿದ್ದ ಜರ್ಮನಿಗೆ ಈ ಇಬ್ಬರು ವಿಜ್ಞಾನಿಗಳೂ ಹೋದರು. ಅಲ್ಲಿಯ ಅನಾಥಾಲಯದ ಮಕ್ಕಳನ್ನು ಗುಂಪು ಮಾಡಿ ಐದು ಬಗೆಯ ಹಿಟ್ಟಿನ ಬ್ರೆಡ್ ಕೊಟ್ಟರು. ಒಂದು ಇಡೀ ಕಾಳಿನದು, ಒಂದು ಶೇ 85ರದು, ಒಂದು ಬಿಳಿಯದು, ಉಳಿದೆರಡು ವಿಟಮಿನ್ ಮತ್ತು ಕಬ್ಬಿಣ ಮರಳಿ ಸೇರಿಸಿದ ಬಿಳಿಯವು. ಮಕ್ಕಳ ಒಟ್ಟು ಆಹಾರಶಕ್ತಿಯ ಮುಕ್ಕಾಲು ಪಾಲು ಬ್ರೆಡ್ಡಿನಿಂದಲೇ ಬರುತ್ತಿತ್ತು. ಜೊತೆಗೆ ತರಕಾರಿ ಸೂಪು, ಆಲೂಗಡ್ಡೆ, ಕ್ಯಾಲ್ಸಿಯಂ, ಎ, ಸಿ, ಡಿ ವಿಟಮಿನ್ನುಗಳು. ಹಾಲು ತೀರಾ ಕಡಿಮೆ. ಕಂದು ಗುಂಪೇ ಗೆಲ್ಲುತ್ತದೆಂದು ಎಲ್ಲರೂ ಎಣಿಸಿದ್ದರು. ಐದೂ ಗುಂಪಿನ ಮಕ್ಕಳು ಒಂದೇ ಸಮನೆ ಚೆನ್ನಾಗಿ ಬೆಳೆದರು. ಬಿಳಿ ಬ್ರೆಡ್ಡಿನಲ್ಲಿ ಕಳೆದುಹೋದದ್ದನ್ನು ಪಕ್ಕದ ತರಕಾರಿ ತಂದುಕೊಟ್ಟಿತ್ತು. ತಾವು ಬಯಸದ ಫಲಿತಾಂಶವನ್ನೂ ಮುಚ್ಚಿಡದೆ ಮುಂದಿಟ್ಟ ಅವರ ಬಗ್ಗೆ ನನಗೆ ಅಪಾರ ಗೌರವ. ಅದೇ ಜರ್ಮನಿಯಲ್ಲಿ ವಿಡೊಸನ್ ಇನ್ನೊಂದನ್ನೂ ಗಮನಿಸಿದರು. ಊಟದ ಹೊತ್ತಿನಲ್ಲೇ ಮಕ್ಕಳನ್ನು ಗದರಿಸಿ ಅವಮಾನಿಸುತ್ತಿದ್ದ ಮೇಲ್ವಿಚಾರಕಿಯ ಕೈಕೆಳಗೆ, ಹೆಚ್ಚುವರಿ ಬ್ರೆಡ್ಡು, ಜಾಮು, ಕಿತ್ತಳೆ ರಸ ಸಿಕ್ಕರೂ ಮಕ್ಕಳ ತೂಕ ಎಣಿಸಿದಷ್ಟು ಏರಲಿಲ್ಲ. ಇದು 1951ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ತಟ್ಟೆಯ ಮುಂದೆ ಮಕ್ಕಳನ್ನು ಬೈಯುವವರೆಲ್ಲ ಓದಬೇಕಾದ ಬರಹ ಅದು.

ಹಾಗಾದರೆ ಬ್ರೆಡ್ ಯಾವುದಾದರೂ ಒಂದೇ ಎಂದೇ? ಅಲ್ಲ. ಆ ಮಕ್ಕಳ ತಟ್ಟೆಯಲ್ಲಿ ತರಕಾರಿ ಇತ್ತು, ವಿಟಮಿನ್ ಗುಳಿಗೆ ಇತ್ತು. ನಮ್ಮಲ್ಲಿ ಬ್ರೆಡ್ಡಿನ ಜೊತೆಗಾರರು ಯಾರು? ಜಾಮು, ಸಕ್ಕರೆ ಹಾಕಿದ ಚಹಾ. ಹೀಗೆ ತಿನ್ನುವವರಿಗೆ ಕಳೆದದ್ದನ್ನು ತುಂಬಿಕೊಡುವವರೇ ಇಲ್ಲ. ಪ್ರೋಟೀನಿನ ವಿಷಯದಲ್ಲೂ ಹಾಗೆಯೇ. ಗೋಧಿಯಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ, ಬೇಳೆಕಾಳುಗಳಲ್ಲಿ ಅದು ಧಾರಾಳ. 1965ರಲ್ಲಿ ಭಾರತ ಸರ್ಕಾರವೇ ಶುರುಮಾಡಿದ ಮಾಡರ್ನ್ ಬೇಕರೀಸ್ ಒಂದು ಕಾಲಕ್ಕೆ ತನ್ನ ಬ್ರೆಡ್ಡಿಗೆ ವಿಟಮಿನ್ನುಗಳ ಜೊತೆ ಲೈಸಿನ್ನನ್ನೂ ಬೆರೆಸಿದ್ದು ಇದಕ್ಕಾಗಿಯೇ. ಮನೆಯಲ್ಲಿ ಲೈಸಿನ್ ಕೊಳ್ಳಬೇಕಿಲ್ಲ. ಬ್ರೆಡ್ಡಿನ ಪಕ್ಕ ಹೆಸರುಕಾಳಿನ ಉಸಲಿಯೋ ಬೇಳೆ ತೊವ್ವೆಯೋ ಇದ್ದರೆ ಸಾಕು.

ಫೈಟಿಕ್ ಆಮ್ಲಕ್ಕೂ ಮದ್ದಿದೆ, ಅದು ಸಮಯ. ಹಿಟ್ಟನ್ನು ನಿಧಾನವಾಗಿ ಹುದುಗಿಸಿದರೆ ಅದರಲ್ಲೇ ಇರುವ ಕಿಣ್ವ ಆ ಆಮ್ಲವನ್ನು ಒಡೆಯುತ್ತದೆ, ಹಿಟ್ಟು ಸ್ವಲ್ಪ ಹುಳಿ ಬಂದರೆ ಇನ್ನೂ ಚೆನ್ನಾಗಿ ಒಡೆಯುತ್ತದೆ. ದೋಸೆ ಹಿಟ್ಟು ರಾತ್ರಿಯಿಡೀ ಹುಳಿ ಬರುವಾಗ ನಡೆಯುವುದೂ ಇದೇ. ಅವಸರದಲ್ಲಿ ಉಬ್ಬಿಸಿ ಬೇಯಿಸಿದ ಬ್ರೆಡ್ಡಿಗೆ ಈ ಲಾಭ ಪೂರ್ತಿ ಸಿಗುವುದಿಲ್ಲ.

ಇನ್ನು ಸಕ್ಕರೆ ಕಾಯಿಲೆಯವರಿಗೆ ಒಂದು ಮಾತು. ನುಣ್ಣಗೆ ಬೀಸಿದ ಇಡೀ ಗೋಧಿಯ ಬ್ರೆಡ್ ರಕ್ತದ ಸಕ್ಕರೆಯನ್ನು ಏರಿಸುವ ವೇಗ ಬಿಳಿ ಬ್ರೆಡ್ಡಿನದಕ್ಕೆ ಹೆಚ್ಚುಕಡಿಮೆ ಸಮ. ಗ್ಲೈಸೆಮಿಕ್ ಸೂಚ್ಯಂಕದಲ್ಲಿ ಎರಡೂ 75ರ ಹತ್ತಿರ. ನಾರು, ಖನಿಜಕ್ಕಾಗಿ ಅದನ್ನು ಆರಿಸಿಕೊಳ್ಳಿ. ಆದರೆ ಎಷ್ಟು ಹೋಳು ತಿಂದರೂ ನಡೆಯುತ್ತದೆ ಎಂದುಕೊಳ್ಳಬೇಡಿ. ಉಪ್ಪನ್ನೂ ಮರೆಯಬೇಡಿ. 100 ಗ್ರಾಂ ಬ್ರೆಡ್ಡಿನಲ್ಲಿ ಸುಮಾರು ಒಂದು ಗ್ರಾಂ ಉಪ್ಪಿರುತ್ತದೆ, ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನದ ಮಿತಿ 5 ಗ್ರಾಮಿಗಿಂತ ಕಡಿಮೆ.

ಕೊನೆಗೆ ಅಂಗಡಿಯ ವಿಷಯ. ‘ಬ್ರೌನ್ ಬ್ರೆಡ್’ ಎಂದು ಮಾರುವ ಎಷ್ಟೋ ಬ್ರೆಡ್ಡುಗಳ ಕಂದು ಬಣ್ಣ ಬೂಸಾದಿಂದ ಬಂದದ್ದಲ್ಲ, ಕ್ಯಾರಮೆಲ್‌ನಿಂದ ಬಂದದ್ದು. ಪೊಟ್ಟಣವನ್ನು ತಿರುಗಿಸಿ ನೋಡಿ. ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲೇ ಬರೆಯಬೇಕೆಂದು ನಿಯಮವಿದೆ. ಮೊದಲ ಹೆಸರು ಸಂಸ್ಕರಿಸಿದ ಗೋಧಿ ಹಿಟ್ಟು ಎಂದಿದ್ದರೆ ಅದು ಮೈದಾ, ಬಣ್ಣ ಏನೇ ಇರಲಿ. 150 ಎಂಬ ಸಂಖ್ಯೆ ಕಂಡರೆ ಅದು ಕ್ಯಾರಮೆಲ್. ಇದನ್ನು ನಾನು ಮೋಸವೆಂದೇ ಕರೆಯುತ್ತೇನೆ, ಏಕೆಂದರೆ ಆರೋಗ್ಯಕ್ಕೆ ಒಳ್ಳೆಯದೆಂದು ನಂಬಿಯೇ ಜನ ಹೆಚ್ಚು ಹಣ ಕೊಟ್ಟು ಇದನ್ನು ಕೊಳ್ಳುತ್ತಾರೆ.

ಈ ಪಟ್ಟಿ ಬಹುಮಟ್ಟಿಗೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿರುತ್ತದೆ. ಹಿಟ್ಟಿನ ಗಿರಣಿ ತಂತ್ರಜ್ಞಾನ ಕಲಿಸುವ ಅಂತರರಾಷ್ಟ್ರೀಯ ಶಾಲೆ ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿದೆ. ಆದರೆ ಅದೇ ಊರಿನ ಅಂಗಡಿಯಲ್ಲಿ ಬ್ರೆಡ್ ಕೊಳ್ಳುವ ಅಜ್ಜಿಗೆ ಅದರಲ್ಲಿ ಏನಿದೆಯೆಂದು ಅವರ ಭಾಷೆಯಲ್ಲಿ ಓದಲು ಸಿಗುವುದಿಲ್ಲ. ಕನ್ನಡದ ಕೆಲಸ ಮಾಡುವ ಸಂಘಗಳು ಈ ಬೇಡಿಕೆಯನ್ನು ಎತ್ತಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ: ಕರ್ನಾಟಕದಲ್ಲಿ ಮಾರುವ ಪ್ರತಿ ಬ್ರೆಡ್ ಪೊಟ್ಟಣದ ಮುಂಭಾಗದಲ್ಲೇ, ಅದರಲ್ಲಿ ಇಡೀ ಗೋಧಿ ಹಿಟ್ಟು ಶೇಕಡಾ ಎಷ್ಟಿದೆ ಎಂಬುದನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಅಚ್ಚು ಹಾಕಲಿ.